ಇಪ್ಪತ್ತೆಂಟನೆಯ ದಿನ

ನಾಯಂಡಹಳ್ಳಿಯ ಗುಜರಿಯಲ್ಲಿ ಜೈತುನ್‌ಬಿ
ಹಸಿರು ಬೇರೆ, ಕಂದು ಬೇರೆ ಮಾಡುತ್ತಾಳೆ.
ಬಿಯರಿನದೋ, ಕೆಮ್ಮಿನ ಸಿರಪ್ಪಿನದೋ
ಮೂಸಿ ಹೇಳುತ್ತಾಳೆ.
ಒಡೆದದ್ದಕ್ಕೆ ಕಿಲೋಗೆ ಒಂದೂವರೆ ರೂಪಾಯಿ.

ಪೀಣ್ಯದ ಗಿರಣಿಯಲ್ಲಿ ಅದು ಹಿಟ್ಟು.
ತರಿ ಉಳಿದರೆ ಒಳಗೊಳಗೇ ಉಬ್ಬಿ
ಗೋಡೆ ಸೀಳುತ್ತದೆ, ಎಷ್ಟೋ ವರ್ಷಗಳಾದ ಮೇಲೆ;
ನುಣ್ಣಗಾದರೆ ಸಿಮೆಂಟಿನ ಜೊತೆ ಸಂಸಾರ.
ಇದನ್ನು ನನಗೆ ಕಲಿಸಿದ್ದು ಜರಡಿ.

ಇವತ್ತು ಇಪ್ಪತ್ತೆಂಟನೆಯ ದಿನ.
ನೀರಿನ ತೊಟ್ಟಿಯಿಂದೆತ್ತಿದ ಘನ, ಇನ್ನೂ ತಣ್ಣಗೆ.
ಯಂತ್ರ ಒತ್ತಿತು. ಮುಳ್ಳು ಏರಿತು,
ಏರುತ್ತಲೇ ಇತ್ತು, ನನಗೆ ಉಸಿರಿಲ್ಲ

ಢಪ್.
ಅಂಕಿ ಬರೆದುಕೊಂಡೆ: ಪರವಾಗಿಲ್ಲ.
ಒಡೆದ ಮುಖದಲ್ಲಿ ಹುಡುಕಿದೆ:
ಹಸಿರಿಲ್ಲ, ಕಂದೂ ಇಲ್ಲ, ಒಂದು ಮಿಂಚೂ ಇಲ್ಲ.

ಸಂಜೆ ಜೈತುನ್‌ಬಿಗೆ ಒಂದು ತುಂಡು ಒಯ್ದುಕೊಟ್ಟೆ.
ಮೂಸಿದಳು, ಮತ್ತೆ ಮೂಸಿದಳು, ಸೋತು
ಹಾರುವ ರಸೀದಿಗಳ ಮೇಲಿಟ್ಟಳು.