ಹೆಪ್ಪು

ಉಲಾನ್‌ಬಾತರಿನಲ್ಲಿ ಆ ಚಳಿಗಾಲ
ನನಗೆ ಸಂಬಳ ಕೊಟ್ಟಿದ್ದು
ಹನ್ನೊಂದು ಜನ ಆಗುವುದಕ್ಕೆ.

ಕಾಲುಚೀಲದ ಹಳೇ ಕಾರ್ಖಾನೆಯ ಮೂರನೇ ಮಹಡಿ.
ಎರಡು ಹೀಟರು, ಒಂದು ಕೆಟ್ಟದ್ದು.
ಮೇಜಿನ ಮೇಲೆ ಸಾಲಾಗಿ ಹನ್ನೊಂದು ಫೋನು.
ಒಂದರಲ್ಲಿ ನಾನು ದಾರ್ಖಾನಿನ ನರ್ಸು,
ಒಂದರಲ್ಲಿ ಕುದುರೆ ಹುಚ್ಚಿನ ಹುಡುಗ,
ಒಂದರಲ್ಲಿ ಯಾವುದಕ್ಕೂ ನಗುವ ವಿಧವೆ.
ಹೊಸಬರು ಯಾರು ಏನು ಹಾಕಲಿ,
ಅಷ್ಟೂ ಜನ ನೋಡುತ್ತಿದ್ದೆವು,
ಹೃದಯ ಒತ್ತುತ್ತಿದ್ದೆವು,
ವಿಧವೆ ನಗುತ್ತಿದ್ದಳು.

ಹಗಲೆಲ್ಲ ಮಾಲೀಕರಿಬ್ಬರ ಜಗಳ.
ತ್ಸೆರೆನ್‌ಡೋರ್ಜ್ ಹೇಳುವನು:
ಮೊದಲು ನೋಡುವವರನ್ನು ತನ್ನಿ.
ನಾಲ್ಕು ಜನ ನಿಂತ ಕಡೆ
ಹಾಡುವವನು ತಾನೇ ಬಂದು ಟೋಪಿ ಅಂಗಾತ ಇಡುತ್ತಾನೆ.
ಅನುಜಿನ್ ಮೇಜು ಗುದ್ದುವಳು:
ಆರಿದ ಒಲೆಯ ಮುಂದೆ ಕೈ ಕಾಯಿಸಲು ಯಾರು ಬರುತ್ತಾರೆ?
ಮಾಡುವವರನ್ನು ಕರೆಯಿರಿ, ಹಚ್ಚಲಿ.
ಸಿಂಗಪುರದ ದುಡ್ಡು ಎಂಟು ತಿಂಗಳಿಗಿತ್ತು.
ಕೊನೆಗೆ ಅದನ್ನು ನಡುವೆ ಸೀಳಿ
ಅರ್ಧ ಬಸ್ಸುಗಳ ಬೆನ್ನಿಗೆ ಅಂಟಿಸಿದರು,
ಅರ್ಧ ನೂರು ಜನ ಚೆಲುವರಿಗೆ ಕೊಟ್ಟರು,
ಕುಣಿಯಿರಿ ಎಂದು.

ಮಧ್ಯಾಹ್ನ ದರೀಮಾ ಗಟ್ಟಿ ಮೊಸರು ಬಡಿಸುತ್ತಿದ್ದಳು,
ಯಾಕಿನ ಹಾಲಿನದು, ಚಮಚ ನೆಟ್ಟಗೆ ನಿಲ್ಲುವಂಥದು.
ಕೇಳಿದೆ ಒಂದು ದಿನ:
ಹಾಲಿಗೆ ಹೆಪ್ಪು ಬೇಕು, ಹೆಪ್ಪೆಂದರೆ ನಿನ್ನೆಯ ಮೊಸರು.
ನಿನ್ನೆಯೇ ಇಲ್ಲದ ಮನೆ ಏನು ಮಾಡಬೇಕು?
ಲೋಟ ಹಿಡಿದು ಪಕ್ಕದ ಗೆರ್‌ಗೆ ಹೋಗಬೇಕು, ಎಂದಳು,
ಅವರೂ ಒಂದು ಕಾಲಕ್ಕೆ ಹೋದವರೇ.
ಮಾಲೀಕರು ಕೇಳಿಸಿಕೊಳ್ಳಲಿಲ್ಲ.
ಇಬ್ಬರೂ ಎರಡನೇ ಸಲ ಹಾಕಿಸಿಕೊಂಡರು.

ಗಾಲ್ಸನ್ ಬಂದದ್ದು ಯಾವ ಬಸ್ಸಿನ ಬೆನ್ನು ನೋಡಿಯೋ.
ಉಷ್ಣಸ್ಥಾವರದಲ್ಲಿ ಕಲ್ಲಿದ್ದಲ ಕ್ರೇನು, ರಾತ್ರಿ ಪಾಳಿ.
ನಲವತ್ತು ಸೆಕೆಂಡು. ಮಾತಿಲ್ಲ, ಮುಖವಿಲ್ಲ.
ಗಾಜಿನ ಮಂಜು ಕೆರೆಯುವ ಒಂದು ವೈಪರು,
ಕೆಳಗೆ ಊರಿನ ಮೇಲೆ ಹೊಗೆಯ ಕೌದಿ,
ಅದರ ಹರಿದ ಕಡೆ ಒಂದೆರಡು ದೀಪ.
ಇನ್ನೊಮ್ಮೆ, ಫ್ಲಾಸ್ಕಿನ ಮುಚ್ಚಳದಲ್ಲಿ ಉಪ್ಪು ಚಹಾ
ನಡುಗುವುದು, ಅಷ್ಟೇ.
ಇನ್ನೊಮ್ಮೆ, ವ್ಯಾಗನ್ನಿನಲ್ಲಿ ಹೆಪ್ಪುಗಟ್ಟಿದ ಕಲ್ಲಿದ್ದಲು
ಬಡಿದರೂ ಬಿಡದೆ, ಆಮೇಲೆ ಒಮ್ಮೆಲೇ ಬಿಟ್ಟದ್ದು.
ಹನ್ನೊಂದು ಜನ ಮೆಚ್ಚಿದೆವು.
ನರ್ಸು ಕೇಳಿದಳು: ಅಷ್ಟು ಎತ್ತರ ಏರಲು ಮೊಣಕಾಲು ನೋಯುವುದಿಲ್ಲವೇ?
ನೋಯುತ್ತದೆ, ಎಂದು ಬರೆದ.

ಹೊಸ ವರ್ಷದ ಹಬ್ಬದ ತನಕ ಗೋಡೆಯ ಮೇಲಿನ ಗೆರೆ ಏರಿತು.
ಮೂರನೇ ಕಂತು ತಪ್ಪಿದ ವಾರ
ಚೆಲುವರು ಬೇರೆ ಅಂಗಳಕ್ಕೆ ಹೋದರು,
ನೋಡುವವರು ಅವರ ಹಿಂದೆ.
ಬೆಲ್ಲವೂ ಇಲ್ಲ, ನೊಣವೂ ಇಲ್ಲ.
ಇವರಿಬ್ಬರದು ಆಗಲೂ ಜಗಳ:
ಬೆಲ್ಲ ಯಾರು, ನೊಣ ಯಾರು?

ಮಾರ್ಚಿಯಲ್ಲಿ ಲೆಕ್ಕ ತೆಗೆದರೆ
ದಿನಾ ಬರುವವರು ಹನ್ನೆರಡು.
ಹನ್ನೊಂದು ನಾನು.

ಸರ್ವರು ನಿಲ್ಲಿಸುವ ಹಿಂದಿನ ರಾತ್ರಿ
ಕೆಟ್ಟ ಹೀಟರಿನ ಮೇಲೆ ಕಾಲಿಟ್ಟು ಕೂತು
ಮೊದಲ ಸಲ ನನ್ನ ಹೆಸರಿನಲ್ಲಿ ಬರೆದೆ:
ಗಾಲ್ಸನ್ ಅಣ್ಣ, ನಾವು ಯಾರೂ ಇಲ್ಲ.
ಎಲ್ಲ ನಾನೇ.

ಬಹಳ ಹೊತ್ತು ಏನೂ ಬರಲಿಲ್ಲ.
ಕ್ರೇನು ಎತ್ತುತ್ತಿತ್ತೋ ಏನೋ.

ಆಮೇಲೆ:
ಗೊತ್ತಿತ್ತು.
ದಿನಾ ಎರಡೂ ಹತ್ತಕ್ಕೆ, ಒಂದೇ ನಿಮಿಷದಲ್ಲಿ ಹನ್ನೊಂದು ಹೃದಯ.
ಊರಲ್ಲಿ ನನ್ನ ಹಾಗೆ ಇನ್ನೊಬ್ಬರಿಗೂ ನಿದ್ದೆ ಇಲ್ಲ ಅಂದುಕೊಂಡೆ.
ಅವರಿಗೆ ನೋಡಲಿಕ್ಕೆ ಏನಾದರೂ ಇರಲಿ ಅಂತ
ಕೈಗವಸು ತೆಗೆದು ಫೋನು ಹಿಡಿಯುತ್ತಿದ್ದೆ.

ಮತ್ತೆ, ಸ್ವಲ್ಪ ಬಿಟ್ಟು:
ನರ್ಸು ಮಾತ್ರ ನಿಜ ಅಂದುಕೊಂಡಿದ್ದೆ.
ಅವಳು ಹೇಳಿದ ಎಣ್ಣೆ
ಕೆಲಸ ಮಾಡಿದೆ.