ಮೂಲಗೇಣಿ

ಹಲ್ ಊರಿನ ಈ ಸಾಲುಮನೆಯಲ್ಲಿ
ಪ್ರಿಂಟರಿಗೆ ಮತ್ತೆ ವಿಳಾಸ ತಪ್ಪಿದೆ.
ಮೊನ್ನೆ ಇಪ್ಪತ್ತೆರಡು ಇತ್ತು, ನಿನ್ನೆ ಹದಿನೇಳು,
ಇವತ್ತು ಎಂತದೋ, ಅದಕ್ಕೇ ಗೊತ್ತಿಲ್ಲ.
ಮೆಟ್ಟಿಲ ಮೇಲಿಂದ ಧನ್ವಿ ಕೂಗುತ್ತಾಳೆ:
'ಅಮ್ಮಾ, ಹಂಬರ್ ನದಿಯ ಉಬ್ಬರದ ಚಿತ್ರ ಬರ್ತಾ ಇಲ್ಲ,
ಪ್ರಿಂಟರ್ ಸಿಗುವುದಿಲ್ಲ ಅಂತ ಉಂಟು.'
ಸಿಗದೆ ಎಲ್ಲಿಗೆ ಹೋಗುತ್ತದೆ?
ಕಿಟಕಿಯ ಕೆಳಗೆ, ಒಣಗಿದ ಸಾಕ್ಸುಗಳ ಬುಟ್ಟಿಯ ಪಕ್ಕ
ಹಸಿರು ದೀಪ ಹಚ್ಚಿಕೊಂಡು
ಕೂತಲ್ಲೇ ಕೂತಿದೆ.

ರೌಟರಿನ ಕಾಗದ ಬಿಡಿಸಿ ಓದಿದೆ.
ಮನೆಯ ಯಂತ್ರಗಳಿಗೆಲ್ಲ ಒಂದೊಂದು ಅಂಕೆ ಹಂಚುತ್ತದಂತೆ,
ಇಪ್ಪತ್ನಾಲ್ಕು ಗಂಟೆಯ ಲೀಸು.
ಕರೆಂಟು ಹೋಗಿ ಬಂದರೆ
ಯಾರ ಗದ್ದೆ ಯಾರಿಗೋ.
ಲೀಸು ಅಂದರೆ ಗೇಣಿ ತಾನೆ.
ಇದು ಚಾಲಗೇಣಿ. ನನಗೆ ಗೊತ್ತುಂಟು.

ನನ್ನ ಅಜ್ಜಿ ಅಪ್ಪಿ ಪೂಜಾರ್ತಿ
ವರ್ಷ ವರ್ಷ ಧಣಿಯ ಅಂಗಳಕ್ಕೆ ಹನ್ನೊಂದು ಮುಡಿ ಅಕ್ಕಿ ಹೊರಿಸಿ
ಬರುವ ವರ್ಷವೂ ಇಲ್ಲೇ ಇರಬಹುದೋ ಎಂದು
ಜಗಲಿಯ ಕೆಳಗೆ ನಿಂತು ಕೇಳಿದವಳು.
ಡಿಕ್ಲರೇಶನ್ ಕೊಡುವ ಕಾಲ ಬಂದಾಗ ಹೆಬ್ಬೆಟ್ಟು ಒತ್ತಿ
ಮಸಿ ಒರೆಸಿಕೊಳ್ಳದೆ ಮನೆಗೆ ನಡೆದಳಂತೆ,
ಬೆರಳು ಎತ್ತಿ ಹಿಡಿದು, ಮೂರು ಮೈಲಿ,
ದಾರಿಯಲ್ಲಿ ಯಾರಾದರೂ ಕೇಳಿದರೆ ತೋರಿಸಲಿಕ್ಕೆ.

ಮೂಲಗೇಣಿಗೂ ಒಂದು ಪುಟ ಉಂಟು ರೌಟರಿನಲ್ಲಿ.
ಶಶಿಕಾಂತ ಕ್ಯಾರವಾನ್ ಫ್ಯಾಕ್ಟರಿಯ ರಾತ್ರಿಪಾಳಿ ಮುಗಿಸಿ ಮಲಗಿದ್ದಾನೆ.
ಸದ್ದಾಗದಂತೆ ಪ್ರಿಂಟರನ್ನು ಮಗುಚಿ
ಹೊಟ್ಟೆಯಡಿಯ ಹನ್ನೆರಡು ಅಕ್ಷರ ಬರೆದುಕೊಳ್ಳುತ್ತೇನೆ,
ಹುಟ್ಟುಮಚ್ಚೆ ಗುರುತು ಹಾಕುವ ಗುಮಾಸ್ತನ ಹಾಗೆ.
ಇದು ಎಂಟೋ, ಬಿ ಅಕ್ಷರವೋ?
ಕನ್ನಡಕ ತರಲು ಎದ್ದರೆ
ಹೆಬ್ಬೆರಳಿಗೆ ನೀಲಿ ಹತ್ತಿದೆ.

ಐವತ್ತು ಕೊಡೋಣ ಎಂದುಕೊಂಡೆ. ದುಂಡಗಿದೆ, ನೆನಪಿರುತ್ತದೆ.
ನೂರತೊಂಬತ್ತೆರಡು, ನೂರರವತ್ತೆಂಟು, ಒಂದು, ಐವತ್ತು:
ಬಾಯಿಬಿಟ್ಟು ಹೇಳಿದರೆ ಸರ್ವೆ ನಂಬ್ರವೇ.
ಪರದೆ ಕೆಂಪಾಯಿತು.
ಐವತ್ತು ಖಾಲಿಯಿಲ್ಲ. ಅದು
ಡೆನಿಸನ ರೇಡಿಯೋದ್ದು.

ಯಾರು ಮಾರಾಯ್ರೆ ಈ ಡೆನಿಸ್?
ಮನೆಯ ಯಜಮಾನ್ತಿ ಟ್ರೇಸಿಗೆ ಮೆಸೇಜು ಹಾಕಿದೆ.
ಅರ್ಧ ಗಂಟೆ ಕಳೆದು ಬಂತು:
'ನನ್ನ ಅಪ್ಪ. ಅಡಿಗೆಮನೆಯಲ್ಲಿ ಕೂತು
ಕಡಲಿನ ಹವಾಮಾನ ಕೇಳುತ್ತಿದ್ದ. ದೋಣಿಗೆ ಹೋಗುವುದು ಬಿಟ್ಟ ಮೇಲೂ.
ಅಳಿಸಿಬಿಡು, ತೊಂದರೆ ಇಲ್ಲ.'
ಅದರ ಬೆನ್ನಿಗೇ ಇನ್ನೊಂದು:
'ಅವನ ಟ್ರಾಲರಿನ ನಂಬರೂ ಐವತ್ತರಲ್ಲಿ ಮುಗೀತಿತ್ತು,
ನನ್ನ ನೆನಪು. ಖಚಿತ ಇಲ್ಲ.'

ಒಂದು ಒತ್ತು ಸಾಕು.
ರೇಡಿಯೋ ಯಾವ ಕಾಲಕ್ಕೋ ಮನೆ ಬಿಟ್ಟಿದೆ;
ಅದು ಕೂತಿದ್ದ ಚೌಕ ಮಾತ್ರ ಕಿಟಕಿಯ ಹಲಗೆಯ ಮೇಲೆ
ಬಿಸಿಲು ತಾಗದೆ ಬಣ್ಣ ಉಳಿಸಿಕೊಂಡಿದೆ.
ಅಲ್ಲಿ ನಾನು ಪುದೀನದ ಕುಂಡ ಇಟ್ಟಿದ್ದೇನೆ,
ಚೌಕಕ್ಕಿಂತ ಸಣ್ಣದು.
ನಮ್ಮ ಕರಾರೂ ಜೂನಿಗೆ ಮುಗಿಯುತ್ತದೆ.
ಹೊರಗೆ ಮೂಲೆಯಲ್ಲಿ ಕೆನೆಬಣ್ಣದ ಫೋನುಗೂಡು,
ಯಾರೂ ಒಳಗೆ ಹೋಗುವುದಿಲ್ಲ, ನಂಬ್ರ ಇನ್ನೂ ಇದೆ.
ಒಕ್ಕಲೆಬ್ಬಿಸುವುದು ಎಂಬ ಮಾತನ್ನು
ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ,
ರಾತ್ರಿ ಹಾವಿನ ಹೆಸರು ಎತ್ತದ ಹಾಗೆ.

ಪ್ರಿಂಟರಿಗೆ ಐವತ್ತೊಂದು ಬರೆದೆ.
ಪಕ್ಕದ ಗದ್ದೆ. ನಡುವೆ ಒಂದು ಹುಣಿ.

ಉಳಿಸು ಒತ್ತಿದ್ದೇ ತಡ
ಮನೆಯಿಡೀ ಎರಡು ನಿಮಿಷ ಜಾಲ ಕಡಿದು
ಧನ್ವಿ ಮತ್ತೆ ಕೂಗಿ, ಶಶಿಕಾಂತ ಎಚ್ಚರಾಗಿ,
ಎಂತ ಮಾಡ್ತಿದ್ದೀ ಎಂದು ಕೇಳಿ ಮಗ್ಗುಲಾದ.
ಆಮೇಲೆ ಪ್ರಿಂಟರ್ ಗಂಟಲು ಸರಿಮಾಡಿಕೊಂಡು
ಹಂಬರಿನ ಉಬ್ಬರವನ್ನು
ಗೆರೆ ಗೆರೆಯಾಗಿ ಹೊರಗೆ ಬಿಟ್ಟಿತು.
ನೀಲಿ ಸ್ವಲ್ಪ ಕಮ್ಮಿ.