ತೊಂಬತ್ತಾರು

ಆಗುಂಬೆ ಘಾಟಿಯ ಕೊನೆಯ ತಿರುವು ಹತ್ತಿ
ಮೂರನೇ ಗೇರಿಗೆ ಬಿದ್ದ ಕೂಡಲೇ ಅಳುತ್ತದಂತೆ ಮಿನಿ ಬಸ್ಸು.
ಡ್ರೈವರ್ ವಾಸು ಮರಕಾಲ ಹೇಳಿದ್ದು ಇಷ್ಟೇ:
"ಕೆಟ್ಟಿಲ್ಲ ಮಾರಾಯ್ರೆ, ಓಡ್ತದೆ. ಆದ್ರೆ ಸೊಳ್ಳೆಯೊಂದು
ಕಿವಿಯಲ್ಲೇ ಸಂಸಾರ ಹೂಡಿದ ಹಾಗೆ."

ಗೇರ್ ಪೆಟ್ಟಿಗೆ ಮಾಚೇನಹಳ್ಳಿಗೆ ಬಂತು, ನನ್ನ ಮೇಜಿಗೆ.

ಮೊದಲು ಖಲಂದರ್ ಸಾಹೇಬರನ್ನು ಕರೆದೆ.
ಮೂವತ್ತೊಂದು ವರ್ಷ
ಹಲ್ಲು ಕಡಿಯುವ ಯಂತ್ರದ ಮುಂದೆ ನಿಂತವರು.
ಸ್ಕ್ರೂಡ್ರೈವರಿನ ತುದಿ ಪೆಟ್ಟಿಗೆಗೆ, ಹಿಡಿ ಕಿವಿಗೆ.
ಯಾವ ಬೇರಿಂಗು, ಯಾವ ಶಾಫ್ಟು ಎಂದು
ನಾಡಿ ಹಿಡಿದಂತೆ ಹೇಳಿಬಿಡುವವರು
ಅಂದು ಕಣ್ಣು ತೆರೆದು ಅಂದರು:
"ಸದ್ದೇ ಇಲ್ಲವಲ್ಲಮ್ಮ."

ನನಗೆ ಕೇಳುತ್ತಿತ್ತು.
ಚಹಾ ತಂದ ಹುಡುಗನಿಗೂ ಕೇಳುತ್ತಿತ್ತು.

ಆಮೇಲೆ ಅಳತೆ.
ಎರಡು ಶಾಫ್ಟಿಗೂ ಒಂದೊಂದು ಎನ್‌ಕೋಡರ್ ಕಟ್ಟಿ
ಮೆಲ್ಲಗೆ ತಿರುಗಿಸುವುದು. ಒಂದು ಇಷ್ಟು ತಿರುಗಿದರೆ
ಇನ್ನೊಂದು ಇಷ್ಟೇ ತಿರುಗಬೇಕು, ಅದು ಲೆಕ್ಕ.
ತಿರುಗುವುದಿಲ್ಲ.
ಒಮ್ಮೆ ಕೂದಲೆಳೆ ಮುಂದೆ, ಒಮ್ಮೆ ಕೂದಲೆಳೆ ಹಿಂದೆ,
ಕೂದಲೆಳೆ ಎಲ್ಲಿ ಬಂತು, ಅದರ ಹನ್ನೆರಡರಲ್ಲೊಂದು ಪಾಲು.
ಆ ಪಾಲೇ ಉಕ್ಕಿನ ಮೈಯೆಲ್ಲ ಹರಿದು, ಸೀಟಿನ ಕಂಬಿ ಹಿಡಿದು
ಕಿಟಕಿಗೆ ತಲೆಯಾನಿಸಿದವಳ ಹಣೆಯೊಳಗೆ ಕೊರೆಯುವುದು.

ಮೂವತ್ತೇಳು ಹಲ್ಲಿನ ಚಕ್ರ. ಕಾಗದದ ಮೇಲೆ
ಮೂವತ್ತೇಳರಲ್ಲಿ ಗುಡ್ಡ ಏಳಬೇಕು. ಎದ್ದಿತ್ತು, ಸಣ್ಣದು,
ಕ್ಷಮಿಸಬಹುದಾದಷ್ಟು.
ಆದರೆ ತೊಂಬತ್ತಾರರಲ್ಲಿ, ಯಾರೂ ಕರೆಯದಲ್ಲಿ,
ಕೊಡಚಾದ್ರಿಯ ಹಾಗೆ ಒಂಟಿ ಶಿಖರ.

ಈ ಪೆಟ್ಟಿಗೆಯಲ್ಲಿ ತೊಂಬತ್ತಾರು ಹಲ್ಲು ಯಾರಿಗೂ ಇಲ್ಲ.
ಎಲ್ಲ ಬಿಚ್ಚಿ ಎಣಿಸಿದೆ, ಬೆರಳಿಗೆ ಎಣ್ಣೆ ಮೆತ್ತಿಕೊಂಡು
ಮತ್ತೆ ಎಣಿಸಿದೆ. ಇಂಥದಕ್ಕೆ ದೆವ್ವ ಎಂದೇ ಹೆಸರು
ನಮ್ಮ ಕಸುಬಿನಲ್ಲಿ: ಇಲ್ಲದ ಹಲ್ಲಿನ ಸ್ವರ.

ಮೂರನೇ ದಿನ ಕರೆಂಟು ಹೋಗಿ ಶೆಡ್ಡು ಗಪ್ಪೆಂದಾಗ
ಹಲ್ಲು ಕಡಿಯುವ ಯಂತ್ರದ ಹೊಟ್ಟೆ ಬಿಚ್ಚಿ ಟಾರ್ಚು ಬಿಟ್ಟೆ.
ಮೇಜಿನಡಿ, ಕಪ್ಪು ಎಣ್ಣೆಯಲ್ಲಿ ಕೂತ ಕಂಚಿನ ತಾಯಿಚಕ್ರ.
ಎಣಿಸಿದೆ.
ತನ್ನ ಸವೆತವನ್ನು ಅದು ಹಲ್ಲಿಗೊಂದು ಅಲೆಯಂತೆ
ಹೆತ್ತ ಮರಿಗಳ ಮೈಮೇಲೆಲ್ಲ ಬರೆದು ಕಳಿಸಿತ್ತು.
"ನೂಲಿನಂತೆ ಸೀರೆ" ಎಂದರು ಸಾಹೇಬರು,
ಉಳಿದರ್ಧ ಹೇಳದೆ, ಕಂಚಿನ ಮೇಲೆ ಅಂಗೈಯಿಟ್ಟು.

ಅದೇ ವಾರ ಇಎಸ್‌ಐ ಆಸ್ಪತ್ರೆಯವರು ಬಂದು
ಎಲ್ಲರ ಕಿವಿ ಅಳೆದರು. ಸಾಹೇಬರ ಕಾಗದ ನನ್ನ ಕೈಗೆ ಬಂತು.
ಉದ್ದಕ್ಕೂ ಬಯಲು; ನಾಲ್ಕು ಸಾವಿರದ ಹತ್ತಿರ ಒಂದು ಹೊಂಡ.
ನಿಮಿಷಕ್ಕೆ ಎರಡೂವರೆ ಸಾವಿರ ಸುತ್ತುವಾಗ
ತೊಂಬತ್ತಾರರ ಕಂಠ ಎಲ್ಲಿ ನಿಲ್ಲುತ್ತದೆ?
ಗುಣಿಸಿ, ಅರವತ್ತರಿಂದ ಭಾಗಿಸಿ ನೋಡಿದೆ. ಇನ್ನೊಮ್ಮೆ ನೋಡಿದೆ.
ನನ್ನ ಗುಡ್ಡ ಎತ್ತಿ ಅವರ ಹೊಂಡದಲ್ಲಿಟ್ಟರೆ ಸಂದೇ ಉಳಿಯದು.
ಇಷ್ಟು ಸರಿಯಾಗಿ ಕೂರುವ ಹಲ್ಲನ್ನು
ನಾವು ಇನ್ನೂ ಕಡಿದಿಲ್ಲ.

ಕಂಚು ಬದಲಾಯಿತು. ಹಲ್ಲಿನ ತುದಿಗೆ ಆರು ಮೈಕ್ರಾನ್ ಸಾಣೆ,
ಹೊರೆ ಬಿದ್ದಾಗ ಬಾಗುವ ಉಕ್ಕಿಗೆ ಬಾಗಲು ಜಾಗ.
ಸೊನ್ನೆ ಬರಲಿಲ್ಲ, ಯಾರಿಗೂ ಬರುವುದಿಲ್ಲ.
ವಾಸು ಫೋನು ಮಾಡಿ ದೂರಿದ:
"ಈಗ ಟೈರಿನ ಸದ್ದು ಕೇಳ್ತದೆ ಮಾರಾಯ್ರೆ!"

ಊಟದ ಹೊತ್ತಿಗೆ ಸಾಹೇಬರು ಬಂದು ಹಳೆಯ ಕಾಗದ ಕೇಳಿದರು.
ತೋರುಬೆರಳನ್ನು ಬುಡದಿಂದ ಗುಡ್ಡ ಹತ್ತಿಸಿದರು,
ನಿಧಾನ; ಇಳಿಸಿದರು.
"ಇದೇನಾ?"
"ಇದೇ."
"ಇಷ್ಟು ವರ್ಷ ಅಳ್ತಾ ಇತ್ತು.
ನಾನು ಪಕ್ಕದಲ್ಲೇ ನಿಂತಿದ್ದೆ."